ಪಕ್ಕದ ಲೋಕ

ಬೆಂಗಳೂರಿನ ಆಸ್ಪತ್ರೆಯೊಂದರ ನರಶಸ್ತ್ರಚಿಕಿತ್ಸಾ ವಾರ್ಡು. ಬೆಳಗಿನ ರೌಂಡ್ಸ್ ಇನ್ನೂ ಶುರುವಾಗಿಲ್ಲ. ಕಿಟಕಿ ಬದಿಯ ಹಾಸಿಗೆಯಲ್ಲಿ ಐವತ್ತರ ಆಸುಪಾಸಿನ ಬಸ್ ಚಾಲಕ. ಮೂಗಿಗೆ ಪ್ಯಾಕ್ ಇಟ್ಟಿದ್ದಾರೆ, ಉಸಿರೆಲ್ಲ ಬಾಯಲ್ಲೇ. ಹಿಂದಿನ ದಿನ ಮೂಗಿನ ಹೊಳ್ಳೆಯಿಂದಲೇ ಎಂಡೋಸ್ಕೋಪ್ ತೂರಿಸಿ ಪಿಟ್ಯುಟರಿ ಗಡ್ಡೆ ತೆಗೆದಿದ್ದಾರೆ. ತಲೆಯ ಮೇಲೆ ಒಂದು ಗೀರೂ ಇಲ್ಲ. ಮೂತ್ರದ ಅಳತೆ ಬರೆದುಕೊಳ್ಳುತ್ತಲೇ ಸಿಸ್ಟರ್, "ಅಣ್ಣಾ, ಮೂಗು ಸೀಟ್ಬೇಡಿ, ಬಗ್ಗಬೇಡಿ" ಎನ್ನುತ್ತಾರೆ. ಚಾಲಕರ ಗಮನ ಅತ್ತ ಇಲ್ಲ. ಎಡಕ್ಕೆ ಸ್ಟೂಲಿನ ಮೇಲೆ ಕೂತ ಹೆಂಡತಿಯ ಸೆರಗು, ತಲೆ ತಿರುಗಿಸದೆಯೇ, ಕಣ್ಣಂಚಿಗೆ ಬಿದ್ದಿದೆ.

"ಹಸಿರು ಸೀರೆ ಉಟ್ಟಿದ್ದೀಯಾ?"

"ಹೂಂ ರೀ... ಕಾಣ್ತಿದೆಯಾ?"

ವರ್ಷದಿಂದ ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತಿತ್ತು. ಪಕ್ಕದಲ್ಲಿ ಬರುವ ಬೈಕು ಕಾಣದೆ, ಏಕಾಏಕಿ ಮುಂದೆಯೇ ಎದ್ದು ನಿಲ್ಲುತ್ತಿತ್ತು. ಕನ್ನಡಕದ ನಂಬರ್ ಬದಲಾಯಿತು, ಮತ್ತೂ ಬದಲಾಯಿತು. ಎದುರಿನ ಅಕ್ಷರವನ್ನೆಲ್ಲ ಸರಿಯಾಗಿ ಓದುವವರ ಪಕ್ಕದ ನೋಟ ಹೋಗಿದೆಯೆಂದು ಯಾರಿಗೆ ಹೊಳೆಯಬೇಕು?

ಪಿಟ್ಯುಟರಿ ಬಟಾಣಿ ಕಾಳಿನಷ್ಟು ಗ್ರಂಥಿ. ಅದರಿಂದ ಸುಮಾರು 1 ಸೆಂಟಿಮೀಟರ್ ಮೇಲೆ ಎರಡೂ ಕಣ್ಣಿನ ನರಗಳು ಕೂಡುತ್ತವೆ. ಎಡಬಲಗಳ ನೋಟ ಹೊತ್ತ ಎಳೆಗಳು ಅಡ್ಡ ಹಾಯುವುದು ಅಲ್ಲೇ. ಗಡ್ಡೆ ಕೆಳಗಿನಿಂದ ಉಬ್ಬಿ ಒತ್ತುವುದೂ ಆ ಎಳೆಗಳನ್ನೇ. ಒತ್ತಡ ಇಳಿದೊಡನೆ ಕೆಲವು ಎಳೆಗಳಲ್ಲಿ ಸಂಕೇತ ಮತ್ತೆ ಹರಿಯುತ್ತದೆ. ಗಂಟೆಗಳಲ್ಲಿ, ದಿನಗಳಲ್ಲಿ ಮರಳುವ ನೋಟ ಅದು. ಉಳಿದದ್ದು ನಿಧಾನ. ಎಳೆಗಳ ಸುತ್ತ ಹೊದಿಕೆಯಂತಿರುವ, ಸವೆದ ಮಯಲಿನ್ ಪದರ ಮತ್ತೆ ಕಟ್ಟಿಕೊಳ್ಳಲು ವಾರಗಳು, ತಿಂಗಳುಗಳು ಬೇಕು. ಎಳೆಯೇ ಸತ್ತಿದ್ದರೆ ಮರಳದು. ಕಣ್ಣಿನ ಹಿಂಭಾಗದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನಿನಲ್ಲಿ ನರಪದರ ತೆಳುವಾಗದೆ ಉಳಿದವರಿಗೆ ಆಸೆ ಹೆಚ್ಚು. ಕನ್ನಡಕ ಬದಲಿಸುತ್ತ ಕಳೆದುಹೋದ ತಿಂಗಳುಗಳು ನನ್ನನ್ನು ಚುಚ್ಚುವುದು ಅದಕ್ಕೇ.

ಮೂರು ತಿಂಗಳ ಮೇಲೆ, ಮಬ್ಬು ಕೋಣೆಯಲ್ಲಿ ಫೀಲ್ಡ್ ಟೆಸ್ಟ್. ಒಂದು ಕಣ್ಣು ಮುಚ್ಚಿ, ಗಲ್ಲ ಊರಿ, ಬಿಳಿ ಗುಮ್ಮಟದ ನಡುವಿನ ಗುರುತನ್ನೇ ನೋಡುತ್ತಿರಬೇಕು. ಎಲ್ಲೆಲ್ಲೋ ಮಿನುಗುವ ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಬಟನ್ ಒತ್ತಬೇಕು. ಆಪರೇಷನ್‌ಗೆ ಮುಂಚೆ ಬಟನ್ನಿನ ಸದ್ದು ಕೇಳಿಸಿದ್ದೇ ಅಪರೂಪ. ಈಗ ಟಕ್, ಟಕ್, ಟಕ್. ಹಳೆಯ ಹಾಳೆಯಲ್ಲಿ ಎರಡೂ ಕಣ್ಣಿನ ಹೊರಗಿನ ಅರ್ಧ ಕಡುಗಪ್ಪು. ಹೊಸದರಲ್ಲಿ ಅದು ತಿಳಿಯಾಗಿದೆ. ಬಲಗಣ್ಣಿನ ಮೇಲ್ಮೂಲೆಯಲ್ಲಿ ಮಾತ್ರ ಕಪ್ಪು ಇನ್ನೂ ಕೂತಿದೆ.

"ಸ್ಟೇರಿಂಗ್ ಹಿಡೀಬಹುದಾ ಸಾರ್?"

"ಈಗಲೇ ಬೇಡ. ಆರು ತಿಂಗಳಿಗೆ ಇನ್ನೊಂದು ಟೆಸ್ಟ್ ಮಾಡೋಣ. ಇನ್ನೂ ಸುಧಾರಿಸಬಹುದು."

ಹಾಗಾದರೆ ಅಲ್ಲಿಯವರೆಗೆ ಡಿಪೋದೊಳಗೇ ಕೆಲಸ ಕೊಡುವಂತೆ ಒಂದು ಪತ್ರ ಬರೆದುಕೊಡಿ ಎಂದು ಅವರು ಕೇಳುತ್ತಾರೆ.