ಸ್ಟೆಂಟ್ ಹಾಕಿದ ಮೇಲೂ ಮಾತ್ರೆ ಯಾಕೆ?

ಮಕ್ಕಳೇ, ನಿಮ್ಮ ಮನೆಯಲ್ಲೋ ಅಕ್ಕಪಕ್ಕದಲ್ಲೋ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಇರಬಹುದು. ‘ಸ್ಟೆಂಟ್ ಹಾಕಿ ಆಯ್ತಲ್ಲ, ಇನ್ನು ಮಾತ್ರೆ ಯಾಕೆ?’ ಅಂತ ನಮ್ಮ ತರಗತಿಯ ಒಬ್ಬನ ಅಜ್ಜ ಮಾತ್ರೆ ಬಿಡಲು ಹೊರಟಿದ್ದರಂತೆ. ಅವನು ಬಂದು ನನ್ನನ್ನು ಕೇಳಿದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಅಪಧಮನಿಯಲ್ಲಿ ಕೊಬ್ಬು ಕಟ್ಟಿಕೊಂಡರೆ ದಾರಿ ಕಿರಿದಾಗುತ್ತದೆ. 1977ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ಪುಟ್ಟ ಬಲೂನು ಉಬ್ಬಿಸಿ ಇಂಥ ದಾರಿಯನ್ನು ಅಗಲ ಮಾಡಿದರು. ಆದರೆ ಕೆಲವರಲ್ಲಿ ನಾಳ ಮತ್ತೆ ಕುಗ್ಗುತ್ತಿತ್ತು. ಅದಕ್ಕಾಗಿ 1986ರಲ್ಲಿ ಲೋಹದ ಜಾಲರಿಯ ಕೊಳವೆಯನ್ನು ನಾಳದೊಳಗೇ ಬಿಡುವ ಚಿಕಿತ್ಸೆ ಶುರುವಾಯಿತು. ಅದೇ ಸ್ಟೆಂಟ್.

ಆಗ ಇನ್ನೊಂದು ತೊಂದರೆ ಕಂಡಿತು. ಮೊಣಕಾಲಿನ ಗಾಯ ಮಾಯುವಾಗ ಹೊಸ ಜೀವಕೋಶಗಳು ಬೆಳೆಯುತ್ತವಲ್ಲ? ಬಲೂನು ಒತ್ತಿದ ನಾಳದ ಗೋಡೆಯಲ್ಲೂ ಹಾಗೇ ಆಗುತ್ತದೆ. ಕೆಲವರಲ್ಲಿ ಅವು ಮಿತಿಮೀರಿ ಬೆಳೆದು, ಜಾಲರಿಯ ಸಂದಿಯಿಂದ ಒಳಕ್ಕೆ ಬಂದು, ದಾರಿಯನ್ನು ಮತ್ತೆ ಕಿರಿದಾಗಿಸುತ್ತಿದ್ದವು.

ಬೆಳವಣಿಗೆ ತಡೆಯುವ ಮಾತ್ರೆ ನುಂಗಿಸಿದರೆ ಅದು ಮೈಯೆಲ್ಲ ಹರಡುತ್ತದೆ. ಔಷಧ ಬೇಕಾಗಿದ್ದು ಒಂದೇ ಜಾಗಕ್ಕೆ. ಹೊಲಕ್ಕೆಲ್ಲ ನೀರು ಹಾಯಿಸದೆ ಗಿಡದ ಬುಡಕ್ಕಷ್ಟೇ ಹನಿ ಹನಿಯಾಗಿ ಬಿಡುತ್ತಾರಲ್ಲ, ಆ ಉಪಾಯವೇ ಇಲ್ಲೂ ಕೆಲಸಕ್ಕೆ ಬಂತು. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕ ಸಿರೋಲಿಮಸ್ ಎಂಬ ಔಷಧವನ್ನು ಪಾಲಿಮರ್ ಜೊತೆ ಬೆರೆಸಿ ಸ್ಟೆಂಟಿಗೆ ಲೇಪಿಸಿದರು. ಇಡೀ ಲೇಪನದಲ್ಲಿರುವ ಔಷಧ ಒಂದು ಮಿಲಿಗ್ರಾಂಗಿಂತಲೂ ಕಡಿಮೆ! ನೀರಿಗೆ ಬಿದ್ದ ಶಾಯಿ ಹರಡುವುದನ್ನು ವಿಸರಣೆ ಎಂದು ಓದಿದ್ದೀರಿ. ಪಾಲಿಮರ್‌ನಿಂದ ನಾಳದ ಗೋಡೆಗೆ ಔಷಧ ಇಳಿಯುವುದೂ ವಿಸರಣೆಯಿಂದಲೇ, ಆದರೆ ಬಹಳ ನಿಧಾನ: ಹೆಚ್ಚಿನ ಪಾಲು ಮೊದಲ ತಿಂಗಳಲ್ಲಿ, ಉಳಿದದ್ದು ಆಮೇಲೆ. ಅಮೆರಿಕದಲ್ಲಿ ಇಂಥ ಸ್ಟೆಂಟಿಗೆ 2003ರಲ್ಲಿ ಒಪ್ಪಿಗೆ ಸಿಕ್ಕಿತು.

ಈಗ ಅಜ್ಜನ ಪ್ರಶ್ನೆಗೆ ಬರೋಣ. ಈ ಔಷಧ ಬೇಡದ ಜೀವಕೋಶಗಳನ್ನಷ್ಟೇ ತಡೆಯುವುದಿಲ್ಲ. ಸ್ಟೆಂಟಿನ ಮೇಲೆ ಬೆಳೆದು ಅದನ್ನು ಮುಚ್ಚಬೇಕಾದ ನಾಳದ ಒಳಪದರವನ್ನೂ ನಿಧಾನ ಮಾಡುತ್ತದೆ. ಆ ಪದರ ಬರುವ ತನಕ ಸ್ಟೆಂಟ್ ರಕ್ತಕ್ಕೆ ನೇರವಾಗಿ ತಾಗುತ್ತಿರುತ್ತದೆ. ಅಲ್ಲಿ ಕಿರುತಟ್ಟೆಗಳು ಅಂಟಿ ರಕ್ತ ಹೆಪ್ಪುಗಟ್ಟಿದರೆ ದಿಢೀರನೆ ಹೃದಯಾಘಾತ ಆಗಬಹುದು. ಇದನ್ನು ತಡೆಯಲೆಂದೇ ಕೆಲವು ತಿಂಗಳು ಸಾಮಾನ್ಯವಾಗಿ ಎರಡು ಬಗೆಯ ಮಾತ್ರೆ ಕೊಡುತ್ತಾರೆ. ಆಮೇಲೂ ಒಂದನ್ನು ಮುಂದುವರಿಸುವುದುಂಟು. ಎಷ್ಟು ದಿನ ಅನ್ನೋದನ್ನು ವೈದ್ಯರೇ ಹೇಳಬೇಕು. ಹಲ್ಲು ಕೀಳಿಸುವುದಿದ್ದರೂ ತಾವಾಗಿ ಮಾತ್ರೆ ಬಿಡಬಾರದು, ಮೊದಲು ಹೃದಯದ ವೈದ್ಯರನ್ನು ಕೇಳಬೇಕು.

ನಿಮ್ಮ ಮನೆಯಲ್ಲೂ ಸ್ಟೆಂಟ್ ಹಾಕಿಸಿಕೊಂಡ ಅಜ್ಜ, ಅಜ್ಜಿ ಇದ್ದರೆ, ಇವತ್ತು ಸಂಜೆಯೇ ಪಕ್ಕದಲ್ಲಿ ಕೂತು ಇದನ್ನು ಹೇಳಿ. ಮಾತ್ರೆ ತಗೊಂಡ್ರಾ ಅಂತ ದಿನಾ ಕೇಳುವ ಕೆಲಸ ನಿಮ್ಮದಾಗಲಿ.