ಸೀರೆಯ ಬುಟ್ಟಾ ಗುರುತಿಸುವ ಜಿಪ್

ಬನಹಟ್ಟಿಯ ಓದುಗರೊಬ್ಬರು ಪ್ರಶ್ನೆ ಕಳಿಸಿದ್ದಾರೆ. ಸೀರೆಗೆ ಡಿಸೈನ್ ಬರೆಯುವುದು ಅವರ ಕಸುಬು. “ಸರ್ರ, ಡಿಸೈನ್ ಫೈಲ್ ಜಿಪ್ ಮಾಡಿದ್ರ ಹತ್ತು ಪಾಲಿನ್ಯಾಗ ಒಂದು ಪಾಲ ಆಗ್ತಾವ. ಮಗಳ ಮದುವಿ ಫೋಟೋ ಜಿಪ್ ಮಾಡಿದ್ರ ಮೊದಲ ಎಷ್ಟಿತ್ತೋ ಅಷ್ಟ ಇರ್ತೈತಿ. ಕಂಪ್ಯೂಟರಿಗೆ ವೈರಸ್ ಏನರ ಬಡದೈತೇನ್ರಿ? ಮತ್ತ ಜಿಪ್ ಮಾಡಿದ್ರ ಡಿಸೈನಿನ ಬಣ್ಣ ಕೆಡತಾವಂತ ಮಂದಿ ಅಂತಾರ, ಖರೇ ಏನು?”

ವೈರಸ್ ಬಡಿದಿಲ್ಲ. ಬಣ್ಣ ಒಂದು ಚೂರೂ ಕೆಡುವುದಿಲ್ಲ. ಮದುವೆ ಫೋಟೋ ಕುಗ್ಗದಿರುವುದಕ್ಕೆ ಗಣಿತವೇ ಕಾರಣ. ಉತ್ತರ ಇಷ್ಟೇ ಆದರೂ ಇದನ್ನು ಬಿಡಿಸಿ ಹೇಳಲು ನನಗೆ ತುಂಬ ಆಸೆ. ಏಕೆಂದರೆ ಇಂಥ ಪ್ರಶ್ನೆ ಕೇಳಲು ನೇಕಾರರ ಊರಿಗಿಂತ ತಕ್ಕ ಊರು ಬೇರೆ ಇಲ್ಲ.

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದವರಿಗೆ ವಿದ್ಯುತ್ ಮಗ್ಗದ ಸದ್ದು ಗೊತ್ತು. ಜಕಾರ್ಡ್ ಕೂರಿಸಿದ ಮಗ್ಗದ ನೆತ್ತಿಯ ಮೇಲೆ ರಟ್ಟಿನ ಕಾರ್ಡುಗಳ ಸರ ತೂಗಾಡುತ್ತಿರುತ್ತದೆ. ಕಾರ್ಡಿನಲ್ಲಿ ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ತೂತು ಇಲ್ಲದಲ್ಲಿ ಏಳುವುದಿಲ್ಲ. ಹೊಕ್ಕಿನ ಒಂದೊಂದು ಎಳೆಗೂ ಒಂದೊಂದು ಕಾರ್ಡು. ಫ್ರಾನ್ಸಿನ ಲಿಯೋನ್ ಊರಿನ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ರೂಢಿಗೆ ತಂದ ಏರ್ಪಾಡು ಇದು. 400 ಕೊಕ್ಕೆಯ ಜಕಾರ್ಡಿನಲ್ಲಿ ಒಂದು ಕಾರ್ಡು ಎಂದರೆ 400 ಹೌದು-ಇಲ್ಲಗಳು. ಕಂಪ್ಯೂಟರಿನ ಲೆಕ್ಕದಲ್ಲಿ ಅದು 400 ಬಿಟ್, ಅಂದರೆ 50 ಬೈಟ್. ಸಾವಿರ ಕಾರ್ಡಿನ ಸರದಲ್ಲಿ ಇರುವುದು ಬರೀ 50,000 ಬೈಟ್ ಮಾಹಿತಿ! 1839ರಲ್ಲಿ ಲಿಯೋನಿನ ನೇಕಾರರು ಜಕಾರ್ಡನದೇ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಸುಮಾರು 24,000 ಕಾರ್ಡು ಬೇಕಾದವು. ಅದರ ಒಂದು ಪ್ರತಿಯನ್ನು ಚಾರ್ಲ್ಸ್ ಬ್ಯಾಬೇಜ್ ತನ್ನ ಬಳಿ ಇಟ್ಟುಕೊಂಡಿದ್ದ. ಅವನು ಕಲ್ಪಿಸಿದ, ಕಂಪ್ಯೂಟರಿನ ಪೂರ್ವಜ ಎನಿಸಿದ ಲೆಕ್ಕದ ಯಂತ್ರವೂ ಇಂಥ ಕಾರ್ಡುಗಳಿಂದಲೇ ಆಜ್ಞೆ ಪಡೆಯಬೇಕಿತ್ತು. ಕಂಪ್ಯೂಟರು ಮಗ್ಗದ ಮನೆಗೆ ಹೊಸದಾಗಿ ಬಂದ ಅತಿಥಿ ಎಂದು ಯಾರೂ ಹೇಳಬಾರದು. ಅದು ತವರಿಗೆ ಮರಳಿ ಬಂದಿದೆ.

ಈಗ ಜಿಪ್‌ನ ಒಳಗೆ ಹೋಗೋಣ. ಇದರ ಬುಡದಲ್ಲಿರುವ ಉಪಾಯವನ್ನು 1977ರಲ್ಲಿ ಪ್ರಕಟಿಸಿದವರು ಇಸ್ರೇಲಿನ ಅಬ್ರಹಾಂ ಲೆಂಪೆಲ್ ಮತ್ತು ಯಾಕೋಬ್ ಜಿವ್. ಇಬ್ಬರೂ 2023ರಲ್ಲಿ ಎರಡು ತಿಂಗಳೊಳಗೆ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರ ಉಪಾಯ ಎಷ್ಟು ಸರಳ ಎಂದರೆ, ಈಗಾಗಲೇ ಬಂದುಹೋದದ್ದು ಮತ್ತೆ ಬಂದರೆ ಅದನ್ನು ಪುನಃ ಬರೆಯಬೇಡ. “ಇಷ್ಟು ಹೆಜ್ಜೆ ಹಿಂದೆ ಹೋಗು, ಅಲ್ಲಿಂದ ಇಷ್ಟು ನಕಲು ಮಾಡು” ಎಂದು ಮಾತ್ರ ಬರೆ.

ಸೀರೆಯ ದಡಿಯಲ್ಲಿ ಕೆಂಪು, ಹಸಿರು, ಕೆಂಪು, ಹಸಿರು ಎಂದು ನೂರು ಎಳೆ ಇವೆ ಅನ್ನಿ. ಜಿಪ್ ಹೀಗೆ ಬರೆದುಕೊಳ್ಳುತ್ತದೆ: “ಕೆಂಪು, ಹಸಿರು, ಎರಡು ಹೆಜ್ಜೆ ಹಿಂದೆ ಹೋಗು, 98 ನಕಲು ಮಾಡು.” ದಯವಿಟ್ಟು ಇಲ್ಲಿ ಒಂದು ಕ್ಷಣ ನಿಲ್ಲಿ. ಹಿಂದೆ ಇರುವುದೇ ಎರಡು ಎಳೆ, 98 ಎಳೆ ತರುವುದೆಲ್ಲಿಂದ? ಮೊದಲು ಕೆಂಪನ್ನು ನಕಲು ಮಾಡಿ ಮೂರನೆಯ ಜಾಗದಲ್ಲಿ ಇಟ್ಟಿತು. ಹಸಿರನ್ನು ನಾಲ್ಕನೆಯ ಜಾಗದಲ್ಲಿ ಇಟ್ಟಿತು. ಐದನೆಯದಕ್ಕೆ ನಕಲು ಮಾಡಬೇಕಾದ್ದು ಮೂರನೆಯದನ್ನು. ಅದು ತಾನೇ ಈಗಷ್ಟೇ ಇಟ್ಟ ಕೆಂಪು! ಹೀಗೆ ತಾನು ನೇಯ್ದದ್ದನ್ನೇ ನೋಡಿಕೊಂಡು ಮುಂದಿನದನ್ನು ನೇಯುತ್ತ ನೂರನೆಯ ಎಳೆ ಮುಟ್ಟುತ್ತದೆ. ಎರಡು ಎಳೆ ಮತ್ತು ಒಂದು ಆಜ್ಞೆಯಲ್ಲಿ ಇಡೀ ದಡಿ ಮುಗಿಯಿತು. ಕಂಪ್ಯೂಟರ್ ವಿಜ್ಞಾನದಲ್ಲಿ ಇಷ್ಟು ಚಿಕ್ಕದಾದ, ಇಷ್ಟು ಚೆಲುವಾದ ಯುಕ್ತಿ ನನಗೆ ಇನ್ನೊಂದು ಕಂಡಿಲ್ಲ.

ಆದರೆ ಜಿಪ್‌ನ ಕಣ್ಣಿಗೆ ಒಂದು ಮಿತಿಯಿದೆ. ಅದು ಹಿಂದಿರುಗಿ ನೋಡಬಲ್ಲದ್ದು 32,768 ಬೈಟ್ ದೂರ ಮಾತ್ರ. ನಿಮ್ಮ ಡಿಸೈನ್ 400 ಚುಕ್ಕಿ ಅಗಲ, ಚುಕ್ಕಿಗೊಂದು ಬೈಟ್ ಎಂದಿಟ್ಟುಕೊಳ್ಳಿ. 32,768ನ್ನು 400ರಿಂದ ಭಾಗಿಸಿದರೆ 81 ಸಾಲು ಚಿಲ್ಲರೆ. ಒಡಲಿನ ಬುಟ್ಟಾ 60 ಸಾಲಿಗೊಮ್ಮೆ ಬಂದರೆ ಜಿಪ್ ಅದನ್ನು ಗುರುತಿಸಿ “ಇದು ಅದೇ” ಎನ್ನುತ್ತದೆ. 200 ಸಾಲಿಗೊಮ್ಮೆ ಬಂದರೆ, ಹೊಸ ಬುಟ್ಟಾ ಬರುವ ಹೊತ್ತಿಗೆ ಹಳೆಯದು ಕಣ್ಣಳತೆ ದಾಟಿರುತ್ತದೆ. ಮನುಷ್ಯರ ಕಣ್ಣಿಗೆ ಎರಡೂ ಒಂದೇ ಬುಟ್ಟಾ, ಜಿಪ್‌ಗೆ ಎರಡೂ ಬೇರೆ. ರಷ್ಯಾದ ಇಗೊರ್ ಪಾವ್ಲೊವ್ 1999ರಲ್ಲಿ ಬಿಡುಗಡೆ ಮಾಡಿದ 7-ಜಿಪ್ ಎಂಬ ಉಚಿತ ತಂತ್ರಾಂಶದ ಸ್ವಂತ ಮಾದರಿಗೆ ಈ ತೊಡಕಿಲ್ಲ. ಅದು ಹಲವು ಎಂಬಿಗಳಷ್ಟು ಹಿಂದಕ್ಕೆ ನೋಡಬಲ್ಲದು. ಎಲ್ಲವನ್ನೂ ಒಂದೇ ಎಳೆಯಾಗಿ ಹಿಂಡಿದರೆ, ಒಂದೇ ಬುಟ್ಟಾ ಇರುವ ಎರಡು ಬೇರೆ ಬೇರೆ ಸೀರೆಗಳ ಫೈಲುಗಳನ್ನೂ ಒಂದಕ್ಕೊಂದು ತಾಳೆ ಹಾಕುತ್ತದೆ.

ನೇಕಾರರಲ್ಲದ ಓದುಗರಿಗೂ ಇಲ್ಲಿ ಒಂದು ಸೊಗಸಿದೆ. ಯೂನಿಕೋಡ್ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಕಂಪ್ಯೂಟರ್ ಸಾಮಾನ್ಯವಾಗಿ ಮೂರು ಬೈಟ್ ಬಳಸುತ್ತದೆ. ಮೊದಲನೆಯ ಬೈಟ್ ಯಾವಾಗಲೂ 224. ಎರಡನೆಯದು 178 ಅಥವಾ 179, ಅಲ್ಲಿ ಬೇರೆ ಸಂಖ್ಯೆ ಸಿಗುವುದೇ ಇಲ್ಲ. ‘ಬನಹಟ್ಟಿ’ ಎಂದು ಬರೆದರೆ ಬ, ನ, ಹ, ಟ, ಅರ್ಧಾಕ್ಷರದ ಗುರುತು, ಇನ್ನೊಂದು ಟ, ಗುಡಿಸು ಸೇರಿ ಏಳು ಸಂಕೇತ, 21 ಬೈಟ್. ಅದರಲ್ಲಿ 224 ಏಳು ಸಲ ಬರುತ್ತದೆ, 178 ಆರು ಸಲ, 179 ಒಂದು ಸಲ. 21ರಲ್ಲಿ 14 ಬೈಟ್ ಹೊಸ ಸುದ್ದಿಯನ್ನು ಹೆಚ್ಚುಕಡಿಮೆ ಏನೂ ಹೇಳುವುದಿಲ್ಲ. ಜಿಪ್‌ಗೆ ಕನ್ನಡ ಬಾರದು, ಆದರೂ ಈ ತಾಳವನ್ನು ಕೂಡಲೇ ಹಿಡಿಯುತ್ತದೆ. ಕನ್ನಡ ಬರಹ ಕಂಪ್ಯೂಟರಿನಲ್ಲಿ ಮೂರು ಪಟ್ಟು ಜಾಗ ನುಂಗುತ್ತದೆ ಎಂದು ದೂರುವವರು ಒಂದು ಪುಸ್ತಕವನ್ನು ಜಿಪ್ ಮಾಡಿ ನೋಡಲಿ. ಆ ದೂರು ಅಲ್ಲೇ ಕರಗಿಹೋಗುತ್ತದೆ.

ಇನ್ನು ಮದುವೆ ಫೋಟೋ. ಮೊಬೈಲಿನ ಫೋಟೋ ಸಾಮಾನ್ಯವಾಗಿ ಜೆಪೆಗ್ ರೂಪದಲ್ಲಿರುತ್ತದೆ, ಅಂದರೆ ಕ್ಯಾಮೆರಾ ಅದನ್ನು ಆಗಲೇ ಹಿಂಡಿ ಇಟ್ಟಿರುತ್ತದೆ. ಮರುಕಳಿಸುವಂಥದ್ದು ಅದರಲ್ಲಿ ಹೆಚ್ಚುಕಡಿಮೆ ಉಳಿದೇ ಇಲ್ಲ. ವಿಡಿಯೊ, ಹಾಡು ಎಲ್ಲವೂ ಹಾಗೆಯೇ. “ಇನ್ನೂ ಜೋರಾದ ಸಾಫ್ಟ್‌ವೇರ್ ಇದ್ದರೆ ಕುಗ್ಗಬಹುದೇನೋ” ಎಂದು ಕೇಳುವವರಿದ್ದಾರೆ. ಎಲ್ಲ ಫೈಲನ್ನೂ ಕುಗ್ಗಿಸುವ ಸಾಫ್ಟ್‌ವೇರನ್ನು ಯಾರಿಂದಲೂ ಮಾಡಲಾಗದು, ಇದಕ್ಕೆ ಗಣಿತದ ಪುರಾವೆ ಇದೆ. 10 ಬಿಟ್ ಉದ್ದದ ಫೈಲುಗಳು ಒಟ್ಟು 1,024. ಅದಕ್ಕಿಂತ ಗಿಡ್ಡ ಫೈಲುಗಳು, ಖಾಲಿ ಫೈಲನ್ನೂ ಸೇರಿಸಿದರೆ, 1,023. ಎಲ್ಲವನ್ನೂ ಗಿಡ್ಡ ಮಾಡಿದರೆ ಯಾವುದೋ ಎರಡು ಫೈಲು ಒಂದೇ ಆಗಿಬಿಡುತ್ತವೆ. ಬಿಚ್ಚುವಾಗ ಯಾವುದು ಯಾವುದೆಂದು ಹೇಳುವವರು ಯಾರು? ಫೈಲಿನ ಉದ್ದ ಎಷ್ಟೇ ಇರಲಿ, ಈ ಲೆಕ್ಕ ತಪ್ಪುವುದಿಲ್ಲ. ಯಾವುದೇ ಫೈಲನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸುತ್ತೇವೆ ಎಂದು ಸಾಫ್ಟ್‌ವೇರ್ ಮಾರುವವರನ್ನು ನಂಬಬೇಡಿ.

ಬಣ್ಣ ಕೆಡುತ್ತದೆ ಎಂಬ ಮಾತು ಹುಟ್ಟಿದ್ದು ಎಲ್ಲಿಂದ ಎಂಬುದನ್ನು ಊಹಿಸಬಲ್ಲೆ. ಡಿಸೈನನ್ನು ವಾಟ್ಸಾಪಿನಲ್ಲಿ ಫೋಟೋ ಮಾಡಿ ಕಳಿಸಿದರೆ ಅದು ಜೆಪೆಗ್ ಆಗುತ್ತದೆ. ಜೆಪೆಗ್ ಎರಡು ಬಣ್ಣ ಸೇರುವ ಅಂಚಿನಲ್ಲಿ ನಡುವಿನ ಬಣ್ಣಗಳನ್ನು ಸವರುತ್ತದೆ. ಮುಖದ ಫೋಟೋದಲ್ಲಿ ಅದು ಕಾಣದು. ಮಗ್ಗದ ಡಿಸೈನಿನಲ್ಲಿ ಒಂದೊಂದು ಬಣ್ಣವೂ ಒಂದೊಂದು ನೇಯ್ಗೆಯ ಗುರುತು. ಅಲ್ಲಿ ಆರು ಬಣ್ಣ ಇದ್ದದ್ದು ನೂರಾರು ಆದರೆ ಡಿಸೈನ್ ಹಾಳು. ಅದೇ ಫೈಲನ್ನು ಜಿಪ್ ಮಾಡಿ, ಡಾಕ್ಯುಮೆಂಟ್ ಎಂದು ಕಳಿಸಿದರೆ ಒಂದು ಚುಕ್ಕಿಯೂ ಬದಲಾಗದೆ ತಲುಪುತ್ತದೆ. ಬಣ್ಣ ಕೆಡಿಸಿದ್ದು ಜೆಪೆಗ್, ಬೈಸಿಕೊಂಡದ್ದು ಜಿಪ್. ಈ ಅನ್ಯಾಯ ನಿಲ್ಲಬೇಕು.

7-ಜಿಪ್ ಹಾಕಿಕೊಳ್ಳುವುದು ಸುಲಭ. ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಕಂಡಕಂಡ ‘ಫ್ರೀ ಡೌನ್‌ಲೋಡ್’ ಗುಂಡಿ ಒತ್ತಿದರೆ ಬೇಡದ್ದೂ ಜೊತೆಗೆ ಬರುತ್ತದೆ. ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ‘ಆ್ಯಡ್ ಟು ಆರ್ಕೈವ್’ ಆರಿಸಿ, 7ಝಡ್ ಮಾದರಿ ಇಡಿ. ಡಿಕ್ಷನರಿ ಸೈಜ್ ಎಂಬುದೇ ನಾನು ಮೇಲೆ ಹೇಳಿದ ಕಣ್ಣಳತೆ. ಅದನ್ನು 64 ಎಂಬಿ ಮಾಡಿದರೆ ಕಟ್ಟುವಾಗ 700 ಎಂಬಿ ಆಸುಪಾಸು ಮೆಮೊರಿ ಬೇಕಾಗುತ್ತದೆ, ಹಳೆಯ ಕಂಪ್ಯೂಟರಾದರೆ 16 ಸಾಕು. ಪಾಸ್‌ವರ್ಡ್ ಹಾಕುವುದಾದರೆ ಮನೆಯವರಿಗೂ ತಿಳಿಯುವಂತೆ ಬರೆದಿಡಿ. ಮರೆತರೆ ಅದನ್ನು ಬಿಡಿಸುವ ಅಡ್ಡದಾರಿ ಇಲ್ಲ.

ಇಷ್ಟು ಮಾಡಿದವರು “ಬ್ಯಾಕಪ್ ಆತು” ಎಂದು ಕೈ ತೊಳೆದುಕೊಳ್ಳುತ್ತಾರೆ. ನನಗೆ ನಿಜಕ್ಕೂ ಚಿಂತೆಯಾಗುವುದು ಇಲ್ಲಿ. ಜಿಪ್ ಮಾಡಿದ್ದು ಏನನ್ನು? ಮತ್ತೆ ಮತ್ತೆ ಬರುವುದನ್ನೆಲ್ಲ ತೆಗೆದುಹಾಕಿತು. ಈಗ ಒಂದು ಬುಟ್ಟಾ ಒಂದೇ ಕಡೆ ಇದೆ, ಉಳಿದ ಬುಟ್ಟಾಗಳೆಲ್ಲ “ಅಲ್ಲಿ ನೋಡು” ಎನ್ನುತ್ತಿವೆ. ಆ ಒಂದು ಜಾಗದಲ್ಲಿ ಡಿಸ್ಕ್ ಕೆಟ್ಟರೆ ಅದನ್ನು ನೆಚ್ಚಿದ ಎಲ್ಲವೂ ಕೆಡುತ್ತವೆ. ಕಟ್ಟಿದ ಫೈಲು ಬಿಚ್ಚಿದ ಫೈಲಿಗಿಂತ ನಾಜೂಕು. ಎಲ್ಲ ಫೈಲುಗಳನ್ನೂ ಒಂದೇ ಎಳೆಯಾಗಿ ಹಿಂಡುವ ‘ಸಾಲಿಡ್’ ಆಯ್ಕೆಯಲ್ಲಂತೂ ನಡುವೆ ಕೆಟ್ಟರೆ ಅದರಿಂದಾಚೆಗಿನ ಫೈಲುಗಳೂ ಕೈತಪ್ಪಬಹುದು. ಬದುಕಿನ ದುಡಿಮೆಯ ಡಿಸೈನುಗಳಿಗೆ ‘ನಾನ್-ಸಾಲಿಡ್’ ಇಡಿ ಎಂಬುದು ನನ್ನ ಸಲಹೆ. ಗಾತ್ರ ಸ್ವಲ್ಪ ಹೆಚ್ಚಾದರೆ ಆಗಲಿ. ಜಿಪ್ ಪ್ರತಿಗಳನ್ನು ಅಳಿಸುವ ವಿದ್ಯೆ, ಬ್ಯಾಕಪ್ ಪ್ರತಿಗಳನ್ನು ಬೆಳೆಸುವ ವಿದ್ಯೆ. ಒಂದು ಇನ್ನೊಂದರ ಬದಲಿಗೆ ಬರಲಾರದು.

ಪ್ರತಿ ಎಷ್ಟು, ಎಲ್ಲಿ? ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ಲೆಕ್ಕ ಚೆನ್ನಾಗಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಊರಾಚೆ. ಕೃಷ್ಣೆಯ ದಂಡೆಯವರಿಗೆ ಈ ಮೂರನೆಯ ಮಾತನ್ನು ವಿವರಿಸಬೇಕಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೇ ಉಕ್ಕಿದವು. ಕಂಪ್ಯೂಟರು ಮೇಜಿನ ಮೇಲೆ, ಬ್ಯಾಕಪ್ ಡಿಸ್ಕು ಅದೇ ಕೋಣೆಯ ಕಪಾಟಿನಲ್ಲಿ ಇದ್ದರೆ ನೀರಿಗೆ ಅವೆರಡೂ ಒಂದೇ. ಬನಹಟ್ಟಿಯವರು ಮುಧೋಳದ ಬೀಗರ ಮನೆಯಲ್ಲಿಟ್ಟರೂ ಅಷ್ಟೇ, ಅಲ್ಲಿ ಘಟಪ್ರಭೆ ಇದ್ದಾಳೆ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವ ಮಗನ ಬಳಿ ಒಂದು ಡಿಸ್ಕ್ ಇರಲಿ, ಇಲ್ಲವೇ ಕ್ಲೌಡಿಗೆ ಏರಿಸಿ. ಆದರೆ ಕ್ಲೌಡಿನ ‘ಸಿಂಕ್’ ಒಂದನ್ನೇ ನಂಬಬೇಡಿ. ಸಿಂಕ್ ಎಂದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ ಸುಮಾರು 150 ದೇಶಗಳ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿಯಿತು. ಅಂಥ ವೈರಸ್ ಕಂಪ್ಯೂಟರಿಗೆ ಚುಚ್ಚಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ಒಂದು ಪ್ರತಿಯಾದರೂ ವೈರು ಬಿಚ್ಚಿ ಇಟ್ಟದ್ದಾಗಿರಲಿ.

ಮಹಾನವಮಿಗೆ ಮಗ್ಗದ ಜೊತೆ ಕಂಪ್ಯೂಟರಿಗೂ ಪೂಜೆ ಮಾಡುತ್ತಾರೆ. ಕಸುಬಿನ ಸಾಮಾನಿಗೆ ಕೈ ಮುಗಿಯುವುದು ಒಳ್ಳೆಯ ಗುಣ. ಆದರೆ ಫ್ಯಾನಿನ ಜಾಲರಿಯ ಮೇಲೆ ಅರಿಷಿಣ-ಕುಂಕುಮ ಉದುರಿಸುವುದು, ಅಮಾವಾಸ್ಯೆ ಎಂದು ಬ್ಯಾಕಪ್ ಮುಂದೂಡುವುದು, ಕೆಡುತ್ತಿರುವ ಡಿಸ್ಕಿಗೆ ದೃಷ್ಟಿ ತೆಗೆದು ನಿಂಬೆಹಣ್ಣು ಕಟ್ಟುವುದು ಶುದ್ಧ ಮೂಢತನ. ಡಿಸ್ಕು ಸವೆದು ಸಾಯುತ್ತದೆ, ಕರೆಂಟಿನ ಏರಿಳಿತಕ್ಕೆ ಸಾಯುತ್ತದೆ. ಪಂಚಾಂಗ ನೋಡಿಕೊಂಡು ಸಾಯುವುದಿಲ್ಲ.

ಕೊನೆಯದಾಗಿ, ಬಿಚ್ಚಿ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಎಣಿಸಬೇಡಿ. 1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ ‘ಟಾಯ್ ಸ್ಟೋರಿ 2’ ಚಿತ್ರದ ಫೈಲುಗಳನ್ನು ಯಾರೋ ಒಂದೇ ಆಜ್ಞೆಯಿಂದ ಅಳಿಸಿಬಿಟ್ಟರು. ಬ್ಯಾಕಪ್ ತೆಗೆದರೆ ಅದೂ ಸರಿಯಿಲ್ಲ. ಅದು ಕೆಲಸ ಮಾಡುತ್ತಿಲ್ಲವೆಂದು ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ. ಪುಟ್ಟ ಮಗುವಿದ್ದ ಕಾರಣ ಮನೆಯಿಂದ ಕೆಲಸ ಮಾಡುತ್ತಿದ್ದ ಗೇಲಿನ್ ಸಸ್‌ಮನ್ ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿ ಚಿತ್ರವನ್ನು ಉಳಿಸಿತು. 7-ಜಿಪ್‌ನಲ್ಲಿ ‘ಟೆಸ್ಟ್ ಆರ್ಕೈವ್’ ಎಂಬ ಆಯ್ಕೆ ಇದೆ. ಪ್ರತಿ ಫೈಲಿಗೂ ಕಟ್ಟುವಾಗಲೇ ಬರೆದಿಟ್ಟ 32 ಬಿಟ್‌ನ ತಾಳೆಸಂಖ್ಯೆಯನ್ನು ಅದು ಮತ್ತೆ ಲೆಕ್ಕಹಾಕಿ ಹೋಲಿಸುತ್ತದೆ. ಆಕಸ್ಮಿಕವಾಗಿ ಕೆಟ್ಟ ಫೈಲು ಅದರ ಕಣ್ಣು ತಪ್ಪಿಸುವ ಸಾಧ್ಯತೆ ಸುಮಾರು 429 ಕೋಟಿಯಲ್ಲಿ ಒಂದು.

ಬನಹಟ್ಟಿಯ ಮಿತ್ರರೇ, ಈ ವಾರ ಮಗ್ಗಕ್ಕೆ ರಜೆ ಇರುವ ದಿನ ಆ ಪರೀಕ್ಷೆಯನ್ನು ಒಮ್ಮೆ ಮಾಡಿ. ಆಮೇಲೆ ಒಂದು ಡಿಸೈನನ್ನು ಬೇರೆ ಕಂಪ್ಯೂಟರಿನಲ್ಲಿ ಬಿಚ್ಚಿ, ತೆರೆದು, ಸೆರಗಿನಿಂದ ದಡಿಯವರೆಗೆ ನೋಡಿ. ಸರಿಯಿದ್ದರೆ ಅದನ್ನೇ ಇನ್ನೊಂದು ಡಿಸ್ಕಿಗೆ ಹಾಕಿ, ಮಳೆಗಾಲ ಶುರುವಾಗುವ ಮುಂಚೆ ಊರಾಚೆ ಕಳಿಸಿಬಿಡಿ.