ವಂಶವಾಹಿಯಲ್ಲಿ ಅಪ್ಪಣೆಯ ಅಕ್ಷರಗಳು

ಡಿ.ಎನ್.ಎ. ಎಂಬುದು ನಾಲ್ಕೇ ಅಕ್ಷರಗಳಿಂದ ರಚಿತವಾದ ಒಂದು ಮಹಾಗ್ರಂಥವೆಂದು ಭಾವಿಸೋಣ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ನಮಗೆ ಅದರ ಎರಡು ಪ್ರತಿಗಳು ಬರುತ್ತವೆ. ಪ್ರತಿಯೊಂದರಲ್ಲಿಯೂ ಸುಮಾರು 300 ಕೋಟಿ ಅಕ್ಷರಗಳುಂಟು. ಪ್ರೋಟೀನುಗಳ ರಚನೆಯನ್ನು ತಿಳಿಸುವ ಭಾಗವಾದರೋ ಶೇಕಡ 2ಕ್ಕಿಂತ ಕಡಿಮೆ. ಹಾಗಾದರೆ ಉಳಿದುದೆಲ್ಲವೂ ವ್ಯರ್ಥವೇ? ಅಲ್ಲ. ಯಾವ ಪ್ರೋಟೀನು ಎಲ್ಲಿ, ಎಂದು, ಎಷ್ಟು ತಯಾರಾಗಬೇಕೆಂಬ ಅಪ್ಪಣೆಗಳು ಅದರಲ್ಲಿ ಹಲವೆಡೆ ಅಡಗಿವೆ. ಅಲ್ಲಿ ಒಂದಕ್ಷರ ತಪ್ಪಿದರೂ ಅನರ್ಥವಾಗಬಹುದು. ಬೀಟಾ ಥಲಸ್ಸೀಮಿಯ ಎಂಬ ರಕ್ತರೋಗವೇ ಇದಕ್ಕೆ ನಿದರ್ಶನ.

ರಕ್ತಕ್ಕೆ ಕೆಂಪು ಬಣ್ಣವನ್ನೀಯುವ ಹೀಮೋಗ್ಲೋಬಿನ್ನಿನ ಒಂದು ಅಂಶ ಬೀಟಾ ಗ್ಲೋಬಿನ್. ಇದರ ವಂಶವಾಹಿಯಲ್ಲಿ ರಚನಾಪಾಠವು ಮೂರು ತುಂಡುಗಳಾಗಿದ್ದು, ನಡುವೆ ಪ್ರೋಟೀನಿಗೆ ಸೇರದ ಎರಡು ಭಾಗಗಳಿವೆ. ಜೀವಕೋಶವು ಮೊದಲು ಇಡೀ ವಂಶವಾಹಿಯ ನಕಲನ್ನು ತೆಗೆದು, ಬಳಿಕ ಈ ನಡುಭಾಗಗಳನ್ನು ಕತ್ತರಿಸಿ, ಪಾಠದ ತುಂಡುಗಳನ್ನು ಜೋಡಿಸುತ್ತದೆ. ದರ್ಜಿಯು ಸೀಮೆಸುಣ್ಣದ ಗುರುತನ್ನು ನೋಡಿ ಬಟ್ಟೆ ಕತ್ತರಿಸುವಂತೆ, ಅದಕ್ಕೂ ಗುರುತಿನ ಅಕ್ಷರಗಳು ಬೇಕು. ಮೊದಲ ನಡುಭಾಗದ ಐದನೆಯ ಅಕ್ಷರ 'ಜಿ'. ಅದು 'ಸಿ' ಆದರೆ ಗುರುತು ಮಸುಕಾಗಿ, ಬಹುಪಾಲು ನಕಲುಗಳು ತಪ್ಪು ಸ್ಥಳದಲ್ಲಿ ಕತ್ತರಿಸಲ್ಪಡುತ್ತವೆ. ರಚನಾಪಾಠದ ಒಂದಕ್ಷರವೂ ಕೆಟ್ಟಿಲ್ಲ. ಆದರೂ ಬೀಟಾ ಗ್ಲೋಬಿನ್ ತೀರ ಕಡಿಮೆಯಾಗುತ್ತದೆ. ಭಾರತದಲ್ಲಿ ಈ ರೋಗಕ್ಕೆ ಅತಿ ಸಾಮಾನ್ಯ ಕಾರಣ ಇದೇ. ನಕಲು ಆರಂಭವಾಗುವುದಕ್ಕೆ 28 ಅಕ್ಷರಗಳಷ್ಟು ಹಿಂದೆ ಇನ್ನೊಂದು ಬಗೆಯ ಮಾರ್ಪಾಡು ಸಂಭವಿಸುವುದುಂಟು. ಆಗ ನಕಲು ಸರಿಯಾಗಿಯೇ ಇರುತ್ತದೆ, ಸಂಖ್ಯೆ ಮಾತ್ರ ಕುಗ್ಗುತ್ತದೆ.

ಒಂದೇ ಪ್ರತಿಯಲ್ಲಿ ದೋಷವಿರುವವರು ವಾಹಕರು. ಅವರು ಸಾಮಾನ್ಯವಾಗಿ ಆರೋಗ್ಯದಿಂದಲೇ ಬಾಳುತ್ತಾರೆ. ತೀವ್ರವಾದ ದೋಷವು ಎರಡು ಪ್ರತಿಗಳಲ್ಲಿಯೂ ಬಂದ ಮಗುವಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕಾಗುತ್ತದೆ. ಹಾಗೆ ಪಡೆದ ರಕ್ತದ ಕಬ್ಬಿಣವು ಹೃದಯ, ಯಕೃತ್ತುಗಳಲ್ಲಿ ಸಂಗ್ರಹವಾಗುವುದರಿಂದ ಅದನ್ನು ಹೊರಹಾಕುವ ಔಷಧವೂ ಬೇಕು.

ಸೋಜಿಗವೆಂದರೆ, ಪರಿಹಾರದ ಒಂದು ದಾರಿಯೂ ಅಪ್ಪಣೆಯ ಭಾಗದಲ್ಲಿಯೇ ದೊರೆತಿದೆ. ಗರ್ಭದಲ್ಲಿರುವಾಗ ಶಿಶುವಿಗೆ ಬೇರೊಂದು ಹೀಮೋಗ್ಲೋಬಿನ್ ಇರುತ್ತದೆ. ಜನನಾನಂತರ ಬಿಸಿಎಲ್11ಎ ಎಂಬ ವಂಶವಾಹಿಯು ಅದನ್ನು ಅಡಗಿಸುತ್ತದೆ. ರೋಗಿಯ ಮಜ್ಜೆಯ ಮೂಲಕೋಶಗಳಲ್ಲಿ ಈ ವಂಶವಾಹಿಯ ಅಪ್ಪಣೆಯ ಭಾಗವನ್ನು ಕತ್ತರಿಸಿ, ಶೈಶವದ ಹೀಮೋಗ್ಲೋಬಿನ್ನನ್ನು ಮರಳಿ ಪಡೆಯುವ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ನು ಮೊದಲು ಒಪ್ಪಿಗೆಯಿತ್ತಿತು. ಆದರೆ ಅದು ಬಹು ದುಬಾರಿ.

ಪೋಷಕರು ಅರಿಯಬೇಕಾದುದಿಷ್ಟು: ತಂದೆತಾಯಿಗಳಿಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ವಾಹಕತ್ವವು ಕಳಂಕವಲ್ಲ, ಯಾರ ತಪ್ಪೂ ಅಲ್ಲ. ವಿವಾಹಕ್ಕೆ ಮೊದಲು ಜಾತಕವನ್ನು ನೋಡುವ ನಾವು, ಹೀಮೋಗ್ಲೋಬಿನ್ ಎ2 ಎಂಬ ರಕ್ತಪರೀಕ್ಷೆಯನ್ನೂ ಮಾಡಿಸುವುದು ವಿವೇಕವಲ್ಲವೇ?